ಮಿದುಳು ಬೇಕಾಗಿದೆ ಎನ್ನುವವರಿಗೆ ಹಾಸನ ಜಿಲ್ಲೆಯಿಂದ ಒಂದು ಪತ್ರ

ಪೋಸ್ಟ್‌ಡಾಕ್ ಹುದ್ದೆಗೆ ಅರ್ಜಿ ಕರೆಯುವ ಮಿದುಳು ಪ್ರಯೋಗಾಲಯಗಳ ಎಲ್ಲ ಮುಖ್ಯಸ್ಥರಿಗೆ ಹೊಳೆನರಸೀಪುರದಿಂದ ನಮಸ್ಕಾರಗಳು.

ತಮ್ಮ ಜಾಹೀರಾತುಗಳನ್ನು ಓದುತ್ತಲೇ ಇದ್ದೇವೆ. ಪಿಎಚ್.ಡಿ ಆಗಿರಬೇಕು. ಎಂಆರ್‌ಐ ಚಿತ್ರಗಳ ವಿಶ್ಲೇಷಣೆ ಬರಬೇಕು. ಇಇಜಿ ಸಂಕೇತದಲ್ಲಿ ಮಿದುಳಿನದೆಷ್ಟು, ಕಣ್ಣು ಮಿಟುಕಿಸಿದ್ದೆಷ್ಟು ಎಂದು ಬೇರ್ಪಡಿಸಲು ತಿಳಿದಿರಬೇಕು. ಪೈಥಾನ್, ಮ್ಯಾಟ್‌ಲ್ಯಾಬ್ ಎಲ್ಲ ನೀರು ಕುಡಿದಷ್ಟು ಸಲೀಸಾಗಿರಬೇಕು. ವಯಸ್ಸು ಮಾತ್ರ ಆಗಿರಬಾರದು. ಇಷ್ಟೂ ಇದ್ದವರಿಗೆ ಒಂದು ವರ್ಷದ ಕೆಲಸ. ಕೆಲಸ ತೃಪ್ತಿಕರವಾಗಿದ್ದು, ಅನುದಾನವೂ ಬಂದರೆ ಇನ್ನೊಂದು ವರ್ಷ. 2023ರಲ್ಲಿ ಕೇಂದ್ರ ಸರ್ಕಾರ ಪರಿಷ್ಕರಿಸಿದ ದರದಂತೆ ರಿಸರ್ಚ್ ಅಸೋಸಿಯೇಟ್‌ಗೆ ಆರಂಭದಲ್ಲಿ ತಿಂಗಳಿಗೆ 58,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಪರವಾಗಿಲ್ಲ. ಆದರೆ ಚನ್ನರಾಯಪಟ್ಟಣದಲ್ಲಿ ಹೆಣ್ಣು ಕೊಡುವವರು ಮೊತ್ತ ಕೇಳುವುದಿಲ್ಲ ಸ್ವಾಮಿ, "ಪರ್ಮನೆಂಟಾ?" ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಕೊಡುವ ನರಕೋಶವನ್ನು ನಿಮ್ಮಲ್ಲಿ ಯಾರೂ ಇನ್ನೂ ಕಂಡುಹಿಡಿದಿಲ್ಲ.

ನಮ್ಮ ತಕರಾರು ಬೇರೆ. ಕೆಲಸದ ಸ್ಥಳ ಎಂದಿರುವ ಕಡೆ ಯಾವಾಗಲೂ ಬೆಂಗಳೂರೇ ಏಕೆ? ನಿಮ್ಹಾನ್ಸ್ ಅಲ್ಲಿದೆ, ಭಾರತೀಯ ವಿಜ್ಞಾನ ಸಂಸ್ಥೆ ಅಲ್ಲಿದೆ, ಒಪ್ಪಿದೆವು. ಆದರೆ ಸಂಕೇತ ಹಿಡಿಯುವುದು ಹಾಸನಕ್ಕೆ ಹೊಸದಲ್ಲ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇಲ್ಲೇ ಕೂತು ಸುಮಾರು 36,000 ಕಿಲೋಮೀಟರ್ ಮೇಲಿನ ಉಪಗ್ರಹಗಳ ಮಾತು ಕೇಳಿಸಿಕೊಳ್ಳುತ್ತಿದೆ. ಅಷ್ಟು ದೂರದ್ದು ಕೇಳಿಸುವ ಊರಿನಲ್ಲಿ, ಅಜ್ಜಿಯ ನೆತ್ತಿಯ ಕೆಳಗಿನ ಕೆಲವೇ ಮೈಕ್ರೋವೋಲ್ಟ್ ಕೇಳಿಸುವುದಿಲ್ಲವೆ? ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಬಾರಿ ಮನುಷ್ಯನ ಇಇಜಿ ದಾಖಲಿಸಿದ್ದು ಜರ್ಮನಿಯ ಯೇನಾ ಎಂಬ ಸಣ್ಣ ಊರಿನಲ್ಲಿ. ಅಲ್ಲೇನೂ ಮೆಟ್ರೋ ಇರಲಿಲ್ಲ.

ಕಷ್ಟಗಳಿವೆ, ಮುಚ್ಚಿಡುವುದಿಲ್ಲ. ಇಇಜಿಗೆ ತಲೆ ತೊಳೆದುಕೊಂಡು, ಎಣ್ಣೆ ಹಚ್ಚದೆ ಬನ್ನಿ ಎನ್ನುತ್ತೀರಿ. ನಮ್ಮ ಅಜ್ಜಿಯರ ನೆತ್ತಿಯಲ್ಲಿ ಹರಳೆಣ್ಣೆ ಇಳಿದಿರುವ ಆಳಕ್ಕೆ ನಿಮ್ಮ ಎಲೆಕ್ಟ್ರೋಡ್ ಇಳಿಯಬೇಕಾದರೆ ಎರಡು ಸಲ ಸೀಗೆಪುಡಿ ಹಾಕಿ ಉಜ್ಜಬೇಕು. ಎಂಆರ್‌ಐ ಕೋಣೆಗೆ ಹೋಗುವ ಮೊದಲು ಮೂಗುಬೊಟ್ಟು, ಕಾಲುಂಗುರ, ತಾಳಿ ಎಲ್ಲ ಕಳಚಿಡಿ ಎನ್ನುತ್ತೀರಿ. ಗಂಡ ಹೊರಗೆ ಬೆಂಚಿನ ಮೇಲೆ ಕೂತಿರುವಾಗ ಅರಕಲಗೂಡಿನ ಮುತ್ತೈದೆ ತಾಳಿ ತೆಗೆಯುತ್ತಾಳೆಯೆ? ಅರಿಶಿನದ ಕೊಂಬು ಕಟ್ಟಿದ ದಾರ ಸಿದ್ಧವಾಗಿಟ್ಟಿರಿ. ಅದು ಯಾವ ಅಯಸ್ಕಾಂತಕ್ಕೂ ಅಂಟುವುದಿಲ್ಲ. ಬೇಕಾದರೆ ಅನುದಾನದ ಪಟ್ಟಿಯಲ್ಲಿ ಸೀಗೆಪುಡಿಯ ಪಕ್ಕ ಸೇರಿಸಿ.

ಅನುಕೂಲಗಳೂ ಇವೆ. ವಿದ್ಯುತ್ ತಂತಿಯ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆಯನ್ನು ಸೋಸಲು ನಿಮಗೆ ಫಿಲ್ಟರ್ ಬೇಕು. ನಮ್ಮ ಹಳ್ಳಿಗಳಿಗೆ ಬಂದರೆ ದಿನಕ್ಕೆ ಇಷ್ಟು ಹೊತ್ತು ಆ ತೊಂದರೆಯನ್ನು ವಿದ್ಯುತ್ ಇಲಾಖೆಯೇ ನಿವಾರಿಸಿಕೊಡುತ್ತದೆ. ಅನಿರೀಕ್ಷಿತವಾದದ್ದು ಎದುರಾದಾಗ ಸುಮಾರು 300 ಮಿಲಿಸೆಕೆಂಡಿಗೆ ಮಿದುಳಿನಲ್ಲಿ ಪಿ300 ಎಂಬ ಅಲೆ ಏಳುತ್ತದಂತೆ. ರಾಮನಾಥಪುರದ ತಂಬಾಕು ಹರಾಜಿನಲ್ಲಿ ನಿಂತ ರೈತನ ತಲೆಗೆ ಟೋಪಿ ಹಾಕಿ ನೋಡಿ (ಇಇಜಿ ಟೋಪಿ, ಇನ್ನೊಂದು ಬಗೆಯದು ಅವನಿಗೆ ಆಗಲೇ ಬಿದ್ದಿರುತ್ತದೆ). ದರ ಕುಸಿದಾಗ ಅಲೆ ಏಳಲಿಕ್ಕಿಲ್ಲ. ಅವನಿಗದು ಅನಿರೀಕ್ಷಿತವಲ್ಲ.

ಜಿಲ್ಲೆಯ ರಾಜಕಾರಣಿಗಳ ಮಿದುಳನ್ನು ನೋಡಿ ಎಂದು ಮಾತ್ರ ನಾವು ಕೇಳುವುದಿಲ್ಲ. ಒಪ್ಪಿಗೆಯಿಲ್ಲದೆ ಬ್ರೈನ್ ಮ್ಯಾಪಿಂಗ್ ಕೂಡದೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ, ಅದೂ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ.

ತಮಾಷೆ ಸಾಕು. 2025ರಲ್ಲಿ ಹಾಸನದ ಹೃದಯಾಘಾತಗಳು ಸುದ್ದಿಯಾದಾಗ ಸರ್ಕಾರ ತಜ್ಞರ ಸಮಿತಿ ಮಾಡಿತು, ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತರು. ಮರೆವಿಗೆ ಯಾರೂ ಸಾಲು ನಿಲ್ಲುವುದಿಲ್ಲ. ಮನೆಯ ದಾರಿ ತಪ್ಪಿದ ಅಜ್ಜನನ್ನು ಕರೆತಂದು ಕೂರಿಸಿ "ವಯಸ್ಸಾಯ್ತಲ್ಲ" ಎನ್ನುತ್ತೇವೆ, ಅಷ್ಟೆ. ಆಲ್‌ಝೈಮರ್ಸ್‌ನ ಆರಂಭದಲ್ಲೇ ಮಿದುಳಿನ ಗಾಮಾ ಅಲೆಗಳು ಕುಂದುತ್ತವೆ ಎಂಬುದನ್ನು ವಿಜ್ಞಾನ ಸಂಸ್ಥೆಯ ಸುಪ್ರತಿಮ್ ರೇ ಅವರ ತಂಡ 2021ರಲ್ಲಿ ತೋರಿಸಿತು. ಅದಕ್ಕೆ ತಲೆ ಕೊಟ್ಟವರು ಬೆಂಗಳೂರಿನ ಹಿರಿಯರು. ಹಳ್ಳಿಯ ತಲೆಗಳಿಗೂ ಬೆಲೆಯಿದೆ ಎಂದು ಅದೇ ಆವರಣದ ಮಿದುಳು ಸಂಶೋಧನಾ ಕೇಂದ್ರ ತೋರಿಸಿಯೂ ಆಗಿದೆ: ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದ 10,000 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ಅದರದು.

ಆದ್ದರಿಂದ ಮುಂದಿನ ಜಾಹೀರಾತಿನಲ್ಲಿ ಕೆಲಸದ ಸ್ಥಳ ಹಾಸನ ಎಂದಿರಲಿ. ಅವಧಿ ಐದು ವರ್ಷವಿರಲಿ. ಮಿದುಳು ಮುದಿಯಾಗಲು ಹತ್ತಾರು ವರ್ಷ ಬೇಕು. ಅದನ್ನು ನೋಡಲು ಕೂರಿಸಿದವರನ್ನು ಪ್ರತಿ ಮಾರ್ಚ್‌ನಲ್ಲೂ ಮನೆಗೆ ಕಳಿಸಿದರೆ, ಅಜ್ಜಿಯ ಹೆಸರು ಗೊತ್ತಿದ್ದವರು ಒಬ್ಬರೂ ಉಳಿಯುವುದಿಲ್ಲ.

ಇಂತಿ,
ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ತಲೆಗಳ ಪರವಾಗಿ ಒಬ್ಬ