ಇಪ್ಪತ್ತು ಸಾವಿರ ಎಸೆತ, ಅರ್ಧ ಪುಟ

ಹವ್ಯಾಸಿ ಬರಹಗಾರರ ದಿನಚರಿಯಲ್ಲಿ ಬರೆಯುವುದೊಂದನ್ನು ಬಿಟ್ಟು ಮಿಕ್ಕೆಲ್ಲವೂ ಇರುತ್ತದೆ. ಬೆಳಗಿನ ಜಾವದ ಅಲಾರಾಂ, ಗೆರೆಯಿಲ್ಲದ ನೋಟ್‌ಬುಕ್ಕು, ಶಾಯಿ ಕಕ್ಕದ ಪೆನ್ನು, ಕಿಟಕಿಗೆ ಮುಖ ಮಾಡಿದ ಮೇಜು, ಎರಡನೇ ಲೋಟ ಕಾಫಿ, ಪದ ಎಣಿಸಿ ಶಾಭಾಸ್ ಎನ್ನುವ ಆ್ಯಪು. ಇಷ್ಟೆಲ್ಲ ಅಣಿಯಾಗುವಷ್ಟರಲ್ಲಿ ಹಾಲಿನವನು ಬಂದಿರುತ್ತಾನೆ, ಪೇಪರಿನವನು ಬಂದಿರುತ್ತಾನೆ, ಸರಸ್ವತಿಯೊಬ್ಬಳು ಬಂದಿರುವುದಿಲ್ಲ. ಆದರೂ ದಿನಕ್ಕೊಂದು ಪುಟವೆಂಬ ವ್ರತ ಕೆಡಕೂಡದೆಂದು, ಬರೆಯಲು ಏನೂ ಹೊಳೆಯುತ್ತಿಲ್ಲ ಎಂಬುದನ್ನೇ ಒಂದು ಪುಟ ಬರೆದು ಏಳುವವರಿದ್ದಾರೆ. ಸೋಮಾರಿಗಳ ಮೇಲೆ ನನಗೆ ತಕರಾರಿಲ್ಲ. ಈ ಶ್ರದ್ಧಾವಂತರ ಮೇಲಿದೆ. ದಿನಕ್ಕೊಂದು ಪುಟ ತುಂಬಿಸುವುದು ಪಾರ್ಕಿನಲ್ಲಿ ವಾಕಿಂಗ್ ಹೋದ ಹಾಗೆ: ಮೈಗೆ ಒಳ್ಳೆಯದು, ಆದರೆ ಓಟದ ಸ್ಪರ್ಧೆಗೆ ಅದರ ಮೇಲೆ ಯಾರೂ ಆರಿಸುವುದಿಲ್ಲ. ಈ ಮಾತಿಗೆ ನಾನು ಕರೆತರುವ ಸಾಕ್ಷಿ ಜಪಾನಿನ ಒಂದು ಆನಿಮೇಶನ್ ಚಿತ್ರ, ಬ್ಯಾಸ್ಕೆಟ್‌ಬಾಲ್ ಕುರಿತ ‘ದಿ ಫಸ್ಟ್ ಸ್ಲ್ಯಾಮ್ ಡಂಕ್’.

ಕ್ರೀಡಾಚಿತ್ರಗಳಲ್ಲಿ ಅಭ್ಯಾಸವೆಂದರೆ ಒಂದು ಹಾಡು. ಹಾಡು ಶುರುವಾದಾಗ ನಾಯಕ ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿರುತ್ತಾನೆ, ಎರಡನೇ ಚರಣಕ್ಕೆ ತೋಳು ಉಬ್ಬಿರುತ್ತದೆ, ಮುಗಿಯುವಾಗ ಚಾಂಪಿಯನ್. ಹವ್ಯಾಸಿ ಬರಹಗಾರರು ಒಳಗೊಳಗೇ ಹಂಬಲಿಸುವುದೂ ಇಂಥದ್ದೊಂದು ಹಾಡಿಗಾಗಿಯೇ. ತಕೆಹಿಕೊ ಇನೊವೆ ತಾವೇ ಬರೆದು ನಿರ್ದೇಶಿಸಿ 2022ರ ಡಿಸೆಂಬರಿನಲ್ಲಿ ತೆರೆಗೆ ತಂದ ಈ ಚಿತ್ರ ಅಂಥ ಅಡ್ಡದಾರಿ ಹಿಡಿಯುವುದಿಲ್ಲ. 124 ನಿಮಿಷದ ಉದ್ದಕ್ಕೂ ನಡೆಯುವುದು ಒಂದೇ ಪಂದ್ಯ: ಶೊಹೊಕು ಎಂಬ ಶಾಲೆಗೂ ಹಾಲಿ ಚಾಂಪಿಯನ್ನರಾದ ಸನ್ನೊ ಶಾಲೆಗೂ. ನಡುನಡುವೆ ಆಟಗಾರರ ಹಿಂದಿನ ಬದುಕು ತುಣುಕು ತುಣುಕಾಗಿ ಬಂದು ಹೋಗುತ್ತದೆ. ಯಾರು ಏನು ಅಭ್ಯಾಸ ಮಾಡಿದ್ದರೆಂಬುದು ತಿಳಿಯುವುದು ಅದು ಕೈಗೆ ಬೇಕಾದಾಗ ಮಾತ್ರ. ದ್ವಿತೀಯಾರ್ಧದಲ್ಲಿ ಸನ್ನೊ ಅಂಗಳದ ತುಂಬ ಮುತ್ತಿಗೆ ಹಾಕಿ ಅಂಕಗಳನ್ನು ಬಾಚುತ್ತದೆ. ಚೆಂಡು ಮುಂದೆ ಸಾಗುವುದೇ ಇಲ್ಲ. ಆ ಗೋಡೆಯನ್ನು ಒಡೆಯುವವನು ಅಂಗಳದಲ್ಲಿದ್ದವರಲ್ಲೇ ಗಿಡ್ಡನಾದ, 168 ಸೆಂಟಿಮೀಟರಿನ ರ‍್ಯೋತಾ ಮಿಯಾಗಿ. ಒಕಿನಾವಾದಲ್ಲಿ ಅಣ್ಣನ ಎದುರು ಆಡುತ್ತ ಬೆಳೆದ ಹುಡುಗ. ಚೆಂಡನ್ನು ನೆಲಕ್ಕೆ ಅಂಟಿಕೊಂಡಂತೆ ಪುಟಿಸುತ್ತ ಇಬ್ಬರ ನಡುವಿನ ಸಂದಿಯಲ್ಲಿ ನುಸುಳುತ್ತಾನೆ. ಎತ್ತರದವರ ಕೈ ಅಷ್ಟು ಕೆಳಗೆ ಬರುವಷ್ಟರಲ್ಲಿ ಅವನು ಅಲ್ಲಿರುವುದಿಲ್ಲ. ಅವನು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿತವನಲ್ಲ, ತನ್ನ ಕೊರತೆಗೆ ತಕ್ಕ ಒಂದೇ ಚಲನೆಯನ್ನು ಪಳಗಿಸಿಕೊಂಡವನು.

ಇನ್ನೂ ಗಟ್ಟಿ ಸಾಕ್ಷಿ ಬೇಕಾದರೆ ಚಿತ್ರದ ಮೂಲವಾದ ಮಂಗಾಕ್ಕೆ, ಅಂದರೆ ಇನೊವೆಯದೇ ಕಾಮಿಕ್ಸ್‌ಗೆ, ಹೋಗಬೇಕು. 1990ರಿಂದ 1996ರವರೆಗೆ ‘ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಅದರಲ್ಲಿ ಶೊಹೊಕು ತಂಡದ ಸಕುರಾಗಿ ಎಂಬ ಕೆಂಚುಗೂದಲಿನ ಪುಂಡ ಒಂದು ವಾರದಲ್ಲಿ 20,000 ಸಲ ಚೆಂಡೆಸೆಯುತ್ತಾನೆ. ಈ ಅಂಕಿ ನೋಡಿ ನಮ್ಮ ಪದ ಎಣಿಸುವ ಮಂದಿ ಖುಷಿಪಡಬಾರದು. ಅವನು ಎಸೆದದ್ದು 20,000 ಬಗೆಯಲ್ಲಿ ಅಲ್ಲ, ಒಂದೇ ಬಗೆಯ ಜಂಪ್ ಶಾಟ್. ಅದಕ್ಕೂ ಮೊದಲು ಕೋಚ್ ಅವನ ಎಸೆತವನ್ನು ವಿಡಿಯೊ ತೆಗೆಸಿ ತೋರಿಸುತ್ತಾರೆ. ತಾನೊಬ್ಬ ಜೀನಿಯಸ್ ಎಂದು ಊರಿಗೆಲ್ಲ ಸಾರಿಕೊಂಡು ಬಂದವನು ತನ್ನ ಭಂಗಿ ನೋಡಿ ತಾನೇ ಬೆಚ್ಚಿಬೀಳುತ್ತಾನೆ. ಬರಹಗಾರರಿಗೆ ಈ ವಿಡಿಯೊ ಪುಕ್ಕಟೆ ಸಿಗುತ್ತದೆ: ಬರೆದದ್ದನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದಿದರೆ ಸಾಕು. ಮೂರನೇ ವಾಕ್ಯಕ್ಕೆ ಯಾರಿಗೆ ಒಲೆಯ ಮೇಲಿನ ಹಾಲು ನೆನಪಾಯಿತು ಎಂದು ಗಮನಿಸಿದರೆ ತಿದ್ದಬೇಕಾದ ಜಾಗ ಗೊತ್ತಾಗುತ್ತದೆ. ಸಂಭಾಷಣೆಯಲ್ಲಿ ಎಲ್ಲ ಪಾತ್ರಗಳೂ ಒಂದೇ ಥರ ಮಾತಾಡುವುದು ತನ್ನ ಕಾಯಿಲೆಯಾದರೆ, ಬರಹಗಾರ ತಿಂಗಳಿಡೀ ಸಂಭಾಷಣೆಯನ್ನೇ ಬರೆಯಲಿ. ದಿನಕ್ಕೆ ಅರ್ಧ ಪುಟವಾದರೂ ಸರಿ.

ಚೆಂಡಿಗೆ ಬುಟ್ಟಿಯಿದೆ, ಬಿತ್ತೋ ಇಲ್ಲವೋ ಕಣ್ಣಿಗೆ ಕಾಣುತ್ತದೆ, ಬರಹಕ್ಕೆ ಎಲ್ಲಿದೆ ಬುಟ್ಟಿ ಎಂದು ಕೇಳಬಹುದು. ಒಂದೇ ವಾಕ್ಯವನ್ನು ಮತ್ತೆ ಮತ್ತೆ ಎಸೆಯುವುದಾದರೂ ಹೇಗೆ? ಇದಕ್ಕೆ ಇನೊವೆಯೇ ಉತ್ತರ. ಮಂಗಾದ ಕೊನೆಯಲ್ಲಿ ಇದೇ ಪಂದ್ಯವನ್ನು ಸಕುರಾಗಿಯ ಸುತ್ತ ಬರೆದು ಮುಗಿಸಿದ್ದವರು 26 ವರ್ಷಗಳ ಮೇಲೆ ಅದನ್ನೇ ಮಿಯಾಗಿಯ ಕಡೆಯಿಂದ ಮತ್ತೆ ಹೇಳಿದರು. ಗೆದ್ದವರು ಅವರೇ, ಅಂಕಗಳೂ ಅವೇ. ನಿಂತು ನೋಡುವ ಜಾಗ ಬದಲಾಯಿತು, ಕತೆ ಹೊಸದಾಯಿತು. ತಿದ್ದಿ ಬರೆಯುವುದೇ ಬರಹಗಾರರ ಮರು ಎಸೆತ. ಹವ್ಯಾಸಿಗಳು ತಪ್ಪಿಸಿಕೊಳ್ಳುವುದೂ ಅದನ್ನೇ, ಏಕೆಂದರೆ ತಿದ್ದಿದ ದಿನ ಪದಗಳ ಲೆಕ್ಕ ಮೈನಸ್‌ಗೆ ಇಳಿಯುತ್ತದೆ.

ಚಿತ್ರಿಸಿದ ಗೊಂಬೆಗಳಿಗೆ ಸುಸ್ತೇನು, ಬೆವರೇನು, ಅವು ನಮಗೇನು ಕಲಿಸಿಯಾವು ಎಂಬ ಮಾತೂ ಬರುತ್ತದೆ. ಈ ಗೊಂಬೆಗಳ ಓಟಕ್ಕಾಗಿ ನಿಜವಾದ ಬ್ಯಾಸ್ಕೆಟ್‌ಬಾಲ್ ಆಟಗಾರರನ್ನೇ ಆಡಿಸಿ, ಮೋಷನ್ ಕ್ಯಾಪ್ಚರ್‌ನಲ್ಲಿ ಹಿಡಿದಿದ್ದಾರೆ. ಮೈ ಕಾಗದದ್ದೇ ಇರಬಹುದು, ಓಟ ಮಾತ್ರ ಅಸಲಿ. ಇನ್ನು, ಹವ್ಯಾಸಕ್ಕೆ ಇಷ್ಟೆಲ್ಲ ಶಿಸ್ತೇಕೆ, ಖುಷಿಗಾಗಿ ಬರೆಯುತ್ತೇವೆ ಎನ್ನುವವರ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಅವರೂ ದೀಪಾವಳಿ ಕಥಾಸ್ಪರ್ಧೆಯ ಪ್ರಕಟಣೆ ಬಂದ ಕೂಡಲೇ ಕೊನೆಯ ದಿನಾಂಕಕ್ಕೆ ಕೆಂಪು ಗೆರೆ ಎಳೆಯುತ್ತಾರಲ್ಲ! ಸಕುರಾಗಿ ತಂಡ ಸೇರಿದ್ದೂ ಆಟದ ಪ್ರೀತಿಯಿಂದಲ್ಲ, ಒಬ್ಬ ಹುಡುಗಿಯ ಕಣ್ಣಿಗೆ ಬೀಳಲು. ಪ್ರೀತಿ ಹುಟ್ಟಿದ್ದು ಚೆಂಡು ಹಿಡಿದ ಮೇಲೆ.

ಯಾವ ಚಲನೆಯಿಂದ ಶುರುಮಾಡೋಣ ಎಂದು ಕೇಳುವವರಿಗೆ ಮುಕ್ತಾಯದಿಂದ ಎನ್ನುತ್ತೇನೆ. ನಮ್ಮ ಹವ್ಯಾಸಿಗಳ ಭಂಗಿ ಎಲ್ಲಕ್ಕಿಂತ ಕೆಟ್ಟಿರುವುದು ಅಲ್ಲೇ. ಚಿತ್ರದ ಕೊನೆಯ ಕ್ಷಣಗಳಲ್ಲಿ ಸಂಗೀತವಿಲ್ಲ, ಕೂಗಿಲ್ಲ, ಮಾತೂ ಇಲ್ಲ. ಸಕುರಾಗಿಯ ತುಟಿ ಅಲುಗುತ್ತದೆ, ದನಿ ಕೇಳಿಸುವುದಿಲ್ಲ. ಚೆಂಡು ಬೀಳುತ್ತದೆ, 79–78. ಅಷ್ಟೊಂದು ಪಾಡುಪಟ್ಟು ಗೆದ್ದ ತಂಡ ಮರುಸುತ್ತಿನಲ್ಲೇ ಹೀನಾಯವಾಗಿ ಸೋತ ಸಂಗತಿಯನ್ನು ಇನೊವೆ ಮಂಗಾದಲ್ಲಿ ಒಂದೇ ಮಾತಿನಲ್ಲಿ ಮುಗಿಸಿದ್ದರು. ಆ ಸೋಲು ನಮ್ಮವರ ಕೈಗೆ ಸಿಕ್ಕಿದ್ದರೆ, ಸೋಲೇ ಗೆಲುವಿನ ಸೋಪಾನ ಎಂಬುದರ ಮೇಲೆ ಎರಡು ಪುಟ ಗ್ಯಾರಂಟಿ.