ಗಿಟಾರಿನ ಕುತ್ತಿಗೆಗೂ ಆಸಾಡಿ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಆಸಾಡಿಯ ಮಳೆಗೆ ಹಪ್ಪಳ ಮೆತ್ತಗಾಗುತ್ತದೆ, ಬಾಗಿಲು ಉಬ್ಬಿ ಚೌಕಟ್ಟಿಗೆ ಕೂರುವುದಿಲ್ಲ, ಮದ್ದಳೆಯ ಚರ್ಮ ಶ್ರುತಿ ಬಿಡುತ್ತದೆ. ಇದನ್ನೆಲ್ಲ ತಕರಾರಿಲ್ಲದೆ ಒಪ್ಪುವ ನಾವು, ಹಳೆಯ ಎಲೆಕ್ಟ್ರಿಕ್ ಗಿಟಾರಿನ ತಂತಿ ಫ್ರೆಟ್ ಬಿಟ್ಟು ಮೇಲೆದ್ದರೆ ಮಾತ್ರ ಬ್ರಿಡ್ಜಿಗೆ ಬೈಯುತ್ತೇವೆ. ಪೊಳ್ಳು ಗಿಟಾರಿನ ತೆಳು ಹಲಗೆ ಉಬ್ಬಿ ಬ್ರಿಡ್ಜನ್ನು ಎತ್ತುವುದುಂಟು. ಎಲೆಕ್ಟ್ರಿಕ್‌ನದು ಗಟ್ಟಿ ಮರದ ಒಡಲು, ಅಷ್ಟು ಸುಲಭಕ್ಕೆ ಉಬ್ಬದು. ಹಾಗಾಗಿ ಮೊದಲ ಗುಮಾನಿ ಕುತ್ತಿಗೆಯ ಮೇಲೆ. ಶ್ರುತಿ ಮಾಡಿ, ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕುತ್ತಿಗೆ ಒಡಲಿಗೆ ಸೇರುವಲ್ಲೂ ಒತ್ತಿ, ಏಳನೆಯದರ ಹತ್ತಿರ ಕಾಣಿ: ಸಂದು 0.25 ಮಿ.ಮೀ. ಆಸುಪಾಸಿದ್ದರೆ ಸಾಕು. ಮದುವೆ ಕಾಗದವೇ ಆರಾಮಾಗಿ ನುಗ್ಗಿದರೆ ಕುತ್ತಿಗೆಯೊಳಗಿನ ಟ್ರಸ್ ರಾಡನ್ನು ಕಾಲು ಸುತ್ತು ಬಿಗಿದು, ಒಂದು ದಿನ ಸುಮ್ಮನಿರಬೇಕು. ಈ ಸುಮ್ಮನಿರುವುದೇ ಕಷ್ಟ ಮಾರ್ರೆ.

'ಬ್ರಿಡ್ಜಿನ ಸ್ಯಾಡಲ್ ಸ್ಕ್ರೂ ತಿರುಗಿಸಿದರೆ ತಂತಿ ಇಳಿಯುವುದಿಲ್ಲವೇ?' ಇಳಿಯುತ್ತದೆ, ಕಡಲ ಉಪ್ಪುಗಾಳಿಗೆ ಅದು ತುಕ್ಕು ಹಿಡಿಯದಿದ್ದರೆ. ಆದರೆ ಬಾಗಿದ ಕುತ್ತಿಗೆಯ ಮೇಲೆ ಇಳಿಸಿದ ತಂತಿ ಮೇಲಿನ ಫ್ರೆಟ್ಟುಗಳಲ್ಲಿ ಜೇನುನೊಣದಂತೆ ಗುಂಯ್‌ಗುಡುತ್ತದೆ. ಕುತ್ತಿಗೆ ನೇರವಾದ ಮೇಲೆ ಹನ್ನೆರಡನೆಯ ಫ್ರೆಟ್ಟಿನಲ್ಲಿ 1.6 ಮಿ.ಮೀ. ಎತ್ತರ ಧಾರಾಳ. 'ಹಳೆಯ ವಾದ್ಯ, ಅಸಲಿತನ ಹೋದೀತು' ಎನ್ನುವವರಿಗೂ ಉತ್ತರವಿದೆ: ತಿರುಗಿಸಿದ ಸ್ಕ್ರೂ ಹಿಂದಕ್ಕೂ ತಿರುಗುತ್ತದೆ, ಕುತ್ತಿಗೆಯ ತುದಿಯಲ್ಲಿ ಅರ ಹಾಕಿ ಉಜ್ಜಿದ ನಟ್ ಮಾತ್ರ ಮತ್ತೆ ಬೆಳೆಯದು. ಅರವನ್ನು ಕಟ್ಟಕಡೆಗೆ, ಮಳೆ ಬಿಟ್ಟ ಮೇಲೆ, ಅದೂ ಬೇರೆಯವರ ಕೈಲಿ ಹಿಡಿಸುವುದು ಕ್ಷೇಮ.