ಸ್ಟೇರಿಂಗ್ ಬಿಡವಲ್ದು

ಫೌಜಿನಿಂದ ನಿವೃತ್ತರಾಗಿ ಊರಿಗೆ ಬಂದವರನ್ನು ನೋಡಿದ್ದೀರಲ್ಲ. ಮಂಡಿ ನೋಯುತ್ತಿದ್ದರೂ ನಸುಕಿನಲ್ಲೇ ಎದ್ದು, ಮೀಸೆ ತೀಡಿ, ಯಾರೂ ಕರೆಯದಿದ್ದರೂ ಹಾಜರಾಗಿ ಕಟ್ಟೆಯ ಮೇಲೆ ನಿಂತಿರುತ್ತಾರೆ. ಮಿಲಿಟರಿ ಲಾರಿಗಳೂ ಅದೇ ಪೈಕಿ. ಜಕ್ಕಲಿಯಲ್ಲಿ ನಮ್ಮ ಸೋದರಮಾವನ ಹಿತ್ತಲು ಸೇರಿದ್ದ ಶಕ್ತಿಮಾನ್ ಲಾರಿಗೆ ಬ್ಯಾಟರಿ ಇರಲಿಲ್ಲ. ರೇಡಿಯೇಟರಿನ ನೀರು ಯಾವ ಕಾಲಕ್ಕೋ ಆರಿತ್ತು. ಡ್ರೈವರ್ ಸೀಟಿನ ಸ್ಪಂಜನ್ನು ಇಲಿಗಳು ಹಂಚಿಕೊಂಡ ಮೇಲೆ ಉಳಿದ ತಗ್ಗಿನಲ್ಲಿ ಅತ್ತೆಯ ಕೋಳಿಯೊಂದು ಕಾವು ಕೂಡುತ್ತಿತ್ತು. ಆದರೂ ಅದು ತನ್ನ ಮುಂಚಾಚಿದ ಮೂತಿಯನ್ನು ಎರಿ ಹೊಲಗಳ ಕಡೆ ತಿರುಗಿಸಿಕೊಂಡು, ಬದುವಿನಾಚೆ ಶತ್ರುವಿದ್ದಾನೆಂಬ ಗುಮಾನಿಯಲ್ಲೇ ನಿಂತಿತ್ತು.

ಶಕ್ತಿಮಾನ್ ಅಂದರೆ ಈಗಿನವರಿಗೆ ಗಿರಗಿರ ತಿರುಗುವ ದೂರದರ್ಶನದ ವೀರ. ಲಾರಿ ಅವನಿಗಿಂತ ಬಹಳ ಹಿರಿಯದು. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿ ಪಡೆದು ಜಬಲ್ಪುರದ ಗನ್ ಕ್ಯಾರೇಜ್ ಫ್ಯಾಕ್ಟರಿಯಲ್ಲಿ ಮೊದಲ ಶಕ್ತಿಮಾನ್ ಹೊರಬಿದ್ದದ್ದು 1959ರಲ್ಲಿ, ಕೃಷ್ಣ ಮೆನನ್ ರಕ್ಷಣಾ ಮಂತ್ರಿಯಾಗಿದ್ದಾಗ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಎಂಜಿನ್ನಿನ ಬಲ ಸಿಗುವ ಗಾಡಿ. ಹಿಮದಲ್ಲಿ, ಮರಳಿನಲ್ಲಿ, ರಸ್ತೆಯೇ ಇಲ್ಲದಲ್ಲಿ ದಶಕಗಟ್ಟಲೆ ಸೇನೆಯನ್ನು ಹೊತ್ತು ತಿರುಗಿತು. 1996ರಲ್ಲಿ ತಯಾರಿಕೆ ನಿಂತಿತು. 1997ರಲ್ಲಿ ಮುಕೇಶ್ ಖನ್ನಾ ದೂರದರ್ಶನದಲ್ಲಿ ತಿರುಗಲು ಶುರುಮಾಡಿದರು. ನಡುವೆ ದೇಶ ಒಂದು ವರ್ಷ ಶಕ್ತಿಮಾನ್ ಇಲ್ಲದೆ ಹೇಗೋ ಕಾಲ ತಳ್ಳಿತು.

ಮಾವ ಇದನ್ನು ಗುಜರಿಯಿಂದ ಕೊಂಡು ತಂದದ್ದು ಮಳೆಗಾಲದ ಮೇಲಿನ ಸಿಟ್ಟಿಗೆ. ರೋಣ ಸೀಮೆಯ ಕರಿಮಣ್ಣು ಬೇಸಿಗೆಯಲ್ಲಿ ಪಾದ ಇಳಿಯುವಷ್ಟು ಬಿರಿಯುತ್ತದೆ. ಮಳೆ ಬಿದ್ದರೆ ಚಕ್ಕಡಿ, ಟ್ರ್ಯಾಕ್ಟರು, ಮನುಷ್ಯ ಎಂದು ಭೇದ ಮಾಡದೆ ಎಲ್ಲರ ಕಾಲು ಹಿಡಿಯುತ್ತದೆ. ಉಳ್ಳಾಗಡ್ಡಿ ಹೊಲದಿಂದ ಹೊರಗೆ ಬರಲಾರದೆ ಅಲ್ಲೇ ಕೊಳೆತ ವರ್ಷ ಮಾವ ‘ಮಿಲ್ಟ್ರಿ ಗಾಡಿನ ತರತೀನಿ’ ಎಂದು ಹೋಗಿ ತಂದೇಬಿಟ್ಟ. ಅದು ಕುಡಿಯುವ ಡೀಸೆಲ್ಲಿಗೆ ಉಳ್ಳಾಗಡ್ಡಿಯ ರೊಕ್ಕ ಸಾಲುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಸೇನೆ ಬಿಟ್ಟ ಗಾಡಿಯನ್ನು ಆರ್‌ಟಿಓದಲ್ಲಿ ಹೊಸದಾಗಿ ಬರೆಸಬೇಕು, ಅದಕ್ಕೆ ಕಾಗದ ಬೇಕು ಎಂಬುದು ಅದಕ್ಕೂ ಆಮೇಲೆ ತಿಳಿಯಿತು. ಹೀಗೆ ಅದು ಮನೆಗೂ ಹೊಲಕ್ಕೂ ನಡುವೆ ಒಂದಿಷ್ಟು ದಿನ ಗುಡುಗಿ, ಹಿತ್ತಲು ಸೇರಿತು.

ಮಾವನ ಪ್ರಕಾರ ಅದು 1971ರ ಯುದ್ಧದಲ್ಲಿ ಢಾಕಾ ಕಂಡ ಗಾಡಿ. ಬಂದವರಿಗೆಲ್ಲ ಬಾಗಿಲಿನ ತೂತೊಂದನ್ನು ತೋರಿಸಿ ‘ಗುಂಡು’ ಎನ್ನುತ್ತಿದ್ದ. ಓಣಿಯಲ್ಲಿ ಮಿಲ್ಟ್ರಿ ಕಾಕಾ ಎಂದೇ ಎಲ್ಲರೂ ಕರೆಯುವ ಹಿರಿಯರೊಬ್ಬರಿದ್ದಾರೆ; ಸೇನೆಯ ಗಾಡಿ ರಿಪೇರಿಯ ದಳದಲ್ಲಿ, ಅಂದರೆ ಇಎಂಇಯಲ್ಲಿ, ಹವಾಲ್ದಾರರಾಗಿದ್ದವರು. ಅವರು ಒಮ್ಮೆ ಬಂದು ಬಂಪರಿನ ಮಾಸಿದ ನಂಬರನ್ನು ಎಂಜಲು ಹಚ್ಚಿ ತಿಕ್ಕಿದರು. ಸೇನೆಯ ಗಾಡಿಗಳ ನಂಬರಿನಲ್ಲಿ ಮೇಲ್ಮುಖವಾದ ಬಾಣವೊಂದಿರುತ್ತದೆ, ಅದರ ಮುಂದಿನ ಎರಡು ಅಂಕಿ ಗಾಡಿ ಸೇನೆಗೆ ಸೇರಿದ ವರ್ಷ. ಇದರದ್ದು 78.

‘ಹುಟ್ಟೂಕಿಂತ ಮೊದಲ ಢಾಕಾಕ್ಕ ಹೋಗಿ ಬಂದೈತಿ ನೋಡಪಾ ನಿನ್ನ ಗಾಡಿ’ ಅಂದರು ಕಾಕಾ.

ಮಾವ ನಿಂತ ನಿಲುವಿನಲ್ಲೇ ಲಾರಿಯನ್ನು ಕಾರ್ಗಿಲ್‌ಗೆ ವರ್ಗ ಮಾಡಿದ. ತೂತು ಮಾತ್ರ ಇದ್ದಲ್ಲೇ ಇತ್ತು.

ಕೊನೆಗೊಮ್ಮೆ ಅತ್ತೆಯ ಒತ್ತಾಯಕ್ಕೆ ಅದನ್ನು ಕಿಲೋ ಲೆಕ್ಕದಲ್ಲಿ ಮಾರುವುದೆಂದಾಯಿತು. ಮಾವನದು ಒಂದೇ ಷರತ್ತು: ಸ್ಟೇರಿಂಗ್ ತನಗೆ ಬೇಕು. ಪಡಸಾಲೆಯ ಗೋಡೆಗೆ ಹಾಕುತ್ತಾನಂತೆ, ಅಜ್ಜನ ಫೋಟೋದ ಬಾಜೂಕ್ಕೆ. ಅತ್ತೆಗೆ ಇದನ್ನು ಹೇಳಿರಲಿಲ್ಲ.

ಈಗಿನ ಕಾರುಗಳಲ್ಲಿ ಒಂದು ಬೆರಳಿನಿಂದ ಸ್ಟೇರಿಂಗ್ ತಿರುವಿ ಇನ್ನೊಂದು ಕೈಯಲ್ಲಿ ಫೋನು ಹಿಡಿಯುವವರಿಗೆ ಶಕ್ತಿಮಾನಿನ ಸ್ಟೇರಿಂಗ್ ಏನೆಂದು ತಿಳಿಸುವುದು ಕಷ್ಟ. ಪವರ್ ಸ್ಟೇರಿಂಗ್ ಅಲ್ಲ. ಇದ್ದ ಪವರೆಲ್ಲ ಡ್ರೈವರನ ರಟ್ಟೆಯದ್ದು. ಸುತ್ತಳತೆ ದೊಡ್ಡದಾದಷ್ಟೂ ತಿರುವುವ ಕೈಗೆ ಹಗುರ, ಆದ್ದರಿಂದ ಎರಡೂ ತೋಳು ಚಾಚಿ ಅಪ್ಪಿಕೊಳ್ಳುವ ಹಾಗೆ ಮಾಡಿಟ್ಟಿದ್ದರು. ತೆಗೆಯುವ ಕ್ರಮವೇನೋ ಕೇಳಲು ಸರಳ. ನಡುವಿನ ಹಾರ್ನ್ ಗುಂಡಿ ಕೀಳು, ಕೆಳಗಿನ ವೈರು ಬಿಚ್ಚು, ದೊಡ್ಡ ನಟ್ಟಿಗೆ ಪಾನಾ ಹಾಕಿ ಸಡಿಲಿಸು, ಸ್ಟೇರಿಂಗನ್ನು ಮೇಲಕ್ಕೆತ್ತು. ಮೊದಲ ಮೂರು ಕೆಲಸ ಊಟದ ಹೊತ್ತಿಗೆ ಮುಗಿದವು. ಈ ಬರಹ ಇರುವುದು ನಾಲ್ಕನೆಯದರ ಬಗ್ಗೆ.

ಸ್ಟೇರಿಂಗಿನ ಗುಂಬದ ಒಳಮೈಗೂ ಅದು ಕೂತ ಶಾಫ್ಟಿನ ತುದಿಗೂ ಉದ್ದುದ್ದ ಹಲ್ಲು ಕಡೆದಿರುತ್ತಾರೆ. ಹಲ್ಲಿನಲ್ಲಿ ಹಲ್ಲು ಕೂತು ಮೇಲೆ ನಟ್ಟು ಬಿಗಿದರೆ ಜಾರುವ ಮಾತೇ ಇಲ್ಲ. ರಣರಂಗದಲ್ಲಿ ಅದು ಕೈಗೆ ಕಿತ್ತು ಬರಬಾರದು, ಸರಿಯೇ. ಆದರೆ ಆ ಹಲ್ಲುಗಳ ಸಂದಿನಲ್ಲಿ ಮೊದಲು ಜಬಲ್ಪುರದ ಗ್ರೀಸು, ಆಮೇಲೆ ಎಲ್ಲೆಲ್ಲಿಯದೋ ಗಡಿಯ ತೇವ, ಕಡೆಗೆ ಜಕ್ಕಲಿಯ ಧೂಳು ಸೇರಿ, ಎಲ್ಲವೂ ಒಟ್ಟಾಗಿ ಜಂಗು ಹಿಡಿದು ರಾಷ್ಟ್ರೀಯ ಭಾವೈಕ್ಯ ಸಾಧಿಸಿದ್ದವು.

ಜಕ್ಕಲಿಯ ಜಾಯಮಾನವನ್ನೂ ಇಲ್ಲಿ ಹೇಳಬೇಕು. ಇದು ಅಂದಾನಪ್ಪ ದೊಡ್ಡಮೇಟಿಯವರ ಊರು. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರು ಎಂದು ಚೂರಾಗಿದ್ದ ಕನ್ನಡ ನಾಡನ್ನು ಕೂಡಿಸಲು ಹೆಣಗಿದವರು. ಅದಕ್ಕಾಗಿ 1953ರಲ್ಲಿ ಮುಂಬಯಿ ವಿಧಾನಸಭೆಯ ಸ್ಥಾನಕ್ಕೇ ರಾಜೀನಾಮೆ ಕೊಟ್ಟವರು. 1956ರಲ್ಲಿ ನಾಡು ಒಂದಾದ ಮೇಲೂ ಮೈಸೂರು ಅನ್ನಬೇಡಿ, ಕರ್ನಾಟಕ ಅನ್ನಿ ಎಂದು ಪಟ್ಟು ಹಿಡಿದವರು. ಕೂಡಿಸುವುದರಲ್ಲಿ ಈ ಊರಿಗೆ ಇತಿಹಾಸವಿದೆ, ಬಿಡಿಸುವುದರಲ್ಲಿ ಇಲ್ಲ. ದೊಡ್ಡಮೇಟಿಯವರು ಸೀಟು ಬಿಟ್ಟರು, ಹಟ ಬಿಡಲಿಲ್ಲ. ನಮ್ಮ ಲಾರಿಯಲ್ಲೂ ಸೀಟು ಎಂದೋ ಹೋಗಿತ್ತು, ಸ್ಟೇರಿಂಗ್ ಬಿಡವಲ್ದು.

ಸುದ್ದಿ ಹಬ್ಬಿತು. ಊರಲ್ಲಿ ಯಾರಿಗಾದರೂ ಜ್ವರ ಬಂದರೆ ಇಬ್ಬರು ಬರುತ್ತಾರೆ. ನಟ್ಟು ಬರದಿದ್ದರೆ ಊರೇ ಬರುತ್ತದೆ. ಸೀಮೆಎಣ್ಣೆ ಬಿಡ್ರಿ ಅಂದರು ಒಬ್ಬರು, ಬಿಟ್ಟೆವು. ಡೀಸೆಲ್ ಬಿಡ್ರಿ ಅಂದರು ಇನ್ನೊಬ್ಬರು, ಅದನ್ನೂ ಬಿಟ್ಟೆವು. ಸಾಲಿ ಮಾಸ್ತರರು ಸನ್ನೆಯ ನಿಯಮವನ್ನು ಆರ್ಕಿಮಿಡೀಸನಿಂದ ಶುರುಮಾಡಿ ವಿವರಿಸಿ, ಗಂಟೆಯಾಯಿತೆಂದು ಅರ್ಧಕ್ಕೇ ಹೋದರು. ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಜಗ್ಗೋಣ ಎಂದು ಹುಡುಗರು ಹುರುಪಿನಿಂದ ಹಗ್ಗವನ್ನೇ ತಂದರು. ಜಗ್ಗಿದರೆ ಸ್ಟೇರಿಂಗ್ ಕೈಗೆ ಬರುವುದಿಲ್ಲ, ಬಂದರೆ ಎದುರಿದ್ದವರ ಎದೆಗೆ ಬರುತ್ತದೆ ಎಂದು ಕಾಕಾ ಅವರನ್ನು ಅಟ್ಟಿದರು. ನಮ್ಮ ಕಡೆ ಸಲಹೆ ಕೊಡುವವರು ನಿಂತು ಕೊಡುವುದಿಲ್ಲ, ಕೂತು ಕೊಡುತ್ತಾರೆ. ಕೂತವರಿಗೆ ಚಹಾ ಕೊಡಬೇಕಾಗುತ್ತದೆ. ಅತ್ತೆ ಒಲೆಯ ಮೇಲಿನ ಪಾತ್ರೆ ಇಳಿಸಲೇ ಇಲ್ಲ.

ಕಾರ್ಯಾಚರಣೆಯ ಮುಖಂಡತ್ವವನ್ನು ಕಾಕಾ ವಹಿಸಿಕೊಂಡರು. ಮೊದಲು ಮುಂದಿನ ಗಾಲಿಗಳು ನೇರ ನಿಂತಿವೆಯೇ ನೋಡಿದರು. ಗುಂಬಕ್ಕೂ ಶಾಫ್ಟಿಗೂ ಸೇರಿಸಿ ಚಾಣದಿಂದ ಒಂದು ಗೆರೆ ಹೊಡೆದರು. ತಿರುಗಿ ಹಾಕುವಾಗ ಹಲ್ಲು ತಪ್ಪಿದರೆ ಸ್ಟೇರಿಂಗ್ ಸೊಟ್ಟ ಕೂಡುತ್ತದೆ.

‘ಕಾಕಾ, ಇದು ಗುಜರಿಗೆ ಹೊಂಟೈತ್ರಿ. ತಿರುಗಿ ಹಾಕೂದೆಲ್ಲಿ ಬಂತು?’

‘ಹಾಕೂದು ಬಿಡೂದು ಆಮ್ಯಾಲ. ಗುರುತಿಲ್ಲದ ಬಿಚ್ಚೂದು ಕಳ್ಳರ ಕೆಲಸ.’

ಎರಡನೆಯ ಆಜ್ಞೆ: ನಟ್ಟನ್ನು ಪೂರ್ತಿ ತೆಗೆಯಬಾರದು, ನಾಲ್ಕು ಸುತ್ತು ಸಡಿಲಿಸಿ ಅಲ್ಲೇ ಬಿಡಬೇಕು. ಬಿಗಿದು ಕೂತದ್ದು ಬಿಟ್ಟಾಗ ಒಮ್ಮೆಲೇ ಬಿಡುತ್ತದೆ. ನಟ್ಟು ಇಲ್ಲದಿದ್ದರೆ ಮುಂದೆ ಇರುವುದು ಜಗ್ಗುವವನ ಹಲ್ಲು. ಮೂರನೆಯದು: ಶಾಫ್ಟಿನ ತಲೆಗೆ ಸುತ್ತಿಗೆಯಿಂದ ಬಡಿಯಬಾರದು. ತಲೆ ಚಪ್ಪಟೆಯಾದರೆ ನಟ್ಟು ಹೊರಗೆ ಬರುವುದಿಲ್ಲ, ಪೆಟ್ಟು ನೇರ ಕೆಳಗಿಳಿದು ಸ್ಟೇರಿಂಗ್ ಬಾಕ್ಸಿನ ಬೇರಿಂಗಿಗೆ ತಾಗುತ್ತದೆ. ಮತ್ತೆ ಯಾರೋ ಗುಜರಿಯ ಮಾತು ತೆಗೆದರು. ‘ಗುಜರಿಗೆ ಹೋಗೂದು ಬ್ಯಾರೆ, ಹೊಡತಾ ತಿನ್ನೂದು ಬ್ಯಾರೆ’ ಅಂದರು ಕಾಕಾ. ಅವರ ದನಿಯಲ್ಲಿ ಪಿಂಚಣಿದಾರರೆಲ್ಲರ ಮಾನದ ಪ್ರಶ್ನೆ ಇದ್ದ ಹಾಗಿತ್ತು, ಯಾರೂ ಎದುರಾಡಲಿಲ್ಲ.

ಸೀಟಿನ ತಗ್ಗಿನಲ್ಲಿ ಕೂತು, ಎರಡೂ ಮಂಡಿಯನ್ನು ಸ್ಟೇರಿಂಗಿನ ಅಡಿಗೆ ಕೊಟ್ಟು, ಒಮ್ಮೆ ಎಡ ಒಮ್ಮೆ ಬಲ ಎಂದು ಎತ್ತಿ ಅಲುಗಿಸುವುದು ಡ್ರೈವರುಗಳೆಲ್ಲ ಬಲ್ಲ ಉಪಾಯ. ಮಾವನ ಮಗ ಹತ್ತಿ ಕೂತ. ಕೋಳಿ ಅದಕ್ಕೆ ಒಪ್ಪಲಿಲ್ಲ. ಅವನು ಇಳಿದು ಬಂದಾಗ ಮಂಡಿಗಿಂತ ಮುಂಗೈಗೆ ಹೆಚ್ಚು ಅರಿಶಿನ ಬೇಕಾಯಿತು.

ಗದಗಿನ ಗ್ಯಾರೇಜಿನಿಂದ ಮೂರು ಕಾಲಿನ ಪುಲ್ಲರ್ ಬಂತು. ಅದರ ಕಾಲು ಹೋಗುವಲ್ಲಿ ಸ್ಟೇರಿಂಗಿನ ಕಡ್ಡಿ, ಕಡ್ಡಿ ಇಲ್ಲದಲ್ಲಿ ಹಿಡಿಯಲು ಅಂಚಿಲ್ಲ. ಆಗ ಕಂಬಾರಜ್ಜ ಬಾಯಿ ತೆರೆದ. ಅವನು ಮೊದಲ ದಿನದಿಂದ ಬಂದು ಹುಣಸೆಮರದ ಬುಡದಲ್ಲಿ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದ. ಚಹಾ ಕೂಡ ಕುಡಿದಿರಲಿಲ್ಲ.

‘ಚಕ್ಕಡಿ ಗಾಲಿಗೆ ಕಬ್ಬಿಣದ ಹಳಿ ಹ್ಯಾಂಗ ಕೂಡಿಸ್ತೀವಿ? ಕುಳ್ಳಿನ ಬೆಂಕ್ಯಾಗ ಹಳಿ ಕಾಸತೀವಿ, ಅದು ಹಿಗ್ಗತೈತಿ. ಗಾಲಿಗೆ ಹಾಕಿ ನೀರ ಸುರವತೀವಿ, ಕುಗ್ಗಿ ಹಿಡಕೋತೈತಿ. ಇದನ್ನ ಉಲ್ಟಾ ಮಾಡ್ರಿ. ಗುಂಬ ಕಾಸ್ರಿ, ಒಳಗಿನ ಶಾಫ್ಟ ತಣ್ಣಗ ಇರಲಿ. ಬಿಡತೈತಿ.’

ಇಷ್ಟು ದಿನ ಆರ್ಕಿಮಿಡೀಸನನ್ನೂ ದಾಟಿ ಹೋಗದಿದ್ದ ವಿಜ್ಞಾನ ಒಮ್ಮೆಗೇ ಮುಂದುವರಿಯಿತು. ಹಳೆಯ ಟ್ರೇಲರಿನ ಪಾಟಾದ ತುಂಡಿಗೆ ತೂತು ಕೊರೆದು, ಎರಡು ಉದ್ದ ಬೋಲ್ಟು ಹಾಕಿ, ಕಂಬಾರಜ್ಜನೇ ಒಂದು ಪುಲ್ಲರ್ ಮಾಡಿಕೊಟ್ಟ. ಸ್ಟೇರಿಂಗಿನ ಸುತ್ತುಬಳೆ ಸುಟ್ಟೀತೆಂದು ಅದಕ್ಕೆ ಹಸಿ ಗೋಣಿಚೀಲ ಸುತ್ತಿದೆವು. ಬ್ಲೋ ಲ್ಯಾಂಪ್ ಹೊತ್ತಿಸಿ ಗುಂಬಕ್ಕೆ ಹಿಡಿದದ್ದೇ ತಡ, ಅಲ್ಲಿಯವರೆಗೆ ಊರಿನ ಸಲಹೆಯಂತೆ ಬಿಟ್ಟಿದ್ದ ಸೀಮೆಎಣ್ಣೆಯೂ ಡೀಸೆಲ್ಲೂ ತಮ್ಮ ಇರವನ್ನು ತಿಳಿಸಿದವು. ಭಗ್ಗೆಂದಿತು. ನಾವೆಲ್ಲ ಒಂದೊಂದು ದಿಕ್ಕಿಗೆ. ಓಡದೆ ನಿಂತವಳು ಅತ್ತೆ ಒಬ್ಬಳೇ. ದನಕ್ಕೆ ಇಟ್ಟಿದ್ದ ಬಕೀಟು ಎತ್ತಿ ಅಷ್ಟೂ ನೀರನ್ನು ಸುರುವಿಬಿಟ್ಟಳು. ಚುಂಯ್ ಎಂದು ಹಬೆ ಎದ್ದು, ಹಬೆಯೊಳಗಿಂದ ಕೋಳಿ ಹೊರಬಂತು.

ಕಂಬಾರಜ್ಜ ಗುಂಬ ಮುಟ್ಟಿ ನೋಡಿ ನಿಟ್ಟುಸಿರುಬಿಟ್ಟ. ‘ಚಲೋ ಆತು ತಂಗೀ. ಹಳಿ ಭಾಳ ಛಂದ ಕೂಡಿಸಿದಿ.’

ಸಂಜೆಗೆ ಮತ್ತೆ ಕಾಸಿದರು, ಈ ಸಲ ಎಣ್ಣೆ ಒರೆಸಿ. ಪಾಟಾದ ಪುಲ್ಲರಿನ ಬೋಲ್ಟುಗಳನ್ನು ಇನ್ನು ಬಿಗಿಯಲಾಗದೆನ್ನುವಷ್ಟು ಬಿಗಿದು, ಕಾಕಾ ಎಲ್ಲರನ್ನೂ ಮನೆಗೆ ಕಳಿಸಿದರು. ಇನ್ನು ಜಗ್ಗುವುದು ನಮ್ಮ ಕೆಲಸವಲ್ಲ, ಬೋಲ್ಟಿನ ಕೆಲಸ. ಅದು ಮಲಗುವುದಿಲ್ಲ ಎಂದರು. ನಸುಕಿನಲ್ಲಿ ಹಿತ್ತಲಲ್ಲಿ ‘ಢಂ’ ಎಂದಿತು. ಅತ್ತೆ ಸಿಲಿಂಡರ್ ಎಂದುಕೊಂಡಳು, ಮಾವ ಕಾರ್ಗಿಲ್ ಎಂದುಕೊಂಡ. ಹೋಗಿ ನೋಡಿದರೆ ಸ್ಟೇರಿಂಗ್ ಹಲ್ಲು ಬಿಟ್ಟು ಮೇಲೆದ್ದು, ಕಾಕಾ ಉಳಿಸಿದ್ದ ನಟ್ಟಿಗೆ ತಾಗಿ ನಿಂತಿತ್ತು.

ಯಾರಿಂದ ಬಿಟ್ಟಿತು ಎಂಬ ಬಗ್ಗೆ ಊರಲ್ಲಿ ಒಮ್ಮತವಿಲ್ಲ. ಕಾಕಾ ಬಿಗಿತದಿಂದ ಅಂದರು, ಕಂಬಾರಜ್ಜ ಕಾವಿನಿಂದ ಅಂದ. ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದದ್ದರಿಂದಲೇ ಜಂಗು ಬಿರಿದದ್ದು ಎಂದು ಮಾಸ್ತರರು ಮಧ್ಯಂತರ ಬಿಡುವಿನಲ್ಲಿ ಬಂದು ಹೇಳಿದರು. ಆ ಲೆಕ್ಕದಲ್ಲಿ ಶ್ರೇಯಸ್ಸೆಲ್ಲ ಅತ್ತೆಯ ಬಕೀಟಿನದು. ನನಗೂ ಇದೇ ಸರಿ ಕಾಣುತ್ತದೆ, ಆದರೆ ಕಾಕಾ ಓದುವ ಸಾಧ್ಯತೆಯಿರುವ ಕಡೆ ಇದನ್ನು ಒತ್ತಿ ಹೇಳಲಾರೆ.

ಗುಜರಿಯವನು ಟ್ರ್ಯಾಕ್ಟರ್ ತಂದು, ಲಾರಿಗೆ ಸರಪಳಿ ಹಾಕಿ, ಕ್ಯಾಬಿನ್ ಹತ್ತಿ ಇಳಿದು ಕೇಳಿದ: ‘ಸ್ಟೇರಿಂಗ್ ಎಲ್ಲೈತ್ರಿ?’

ಹುಣಸೆಮರ ಬಳಸಿ, ಹಿತ್ತಲ ಗೇಟು ದಾಟಿ, ಓಣಿಯ ತಿರುವು ಹೊರಳಿ ಲಾರಿ ಹೊರಬೀಳಬೇಕು. ಜಗ್ಗಲು ಒಬ್ಬ ಇದ್ದರೆ ಸಾಲದು, ತಿರುವಲು ಇನ್ನೊಬ್ಬ ಬೇಕು. ನೆರೆದವರೆಲ್ಲ ಕಾಕಾನ ಕಡೆ ನೋಡಿದರು. ಕಾಕಾ, ತಾವು ಗೆರೆ ಹೊಡೆದದ್ದು ಯಾಕೆಂದು ಈಗಲಾದರೂ ತಿಳಿಯಿತೇ ಎಂಬ ಗತ್ತಿನಲ್ಲಿ ಮೀಸೆ ತೀಡಿದರು. ಆದರೆ ಮಾವ ಸ್ಟೇರಿಂಗನ್ನು ಎದೆಗವಚಿಕೊಂಡು ಹಿಂದೆ ಸರಿದ. ಒಮ್ಮೆ ಕೂಡಿಸಿದರೆ ಅದು ಮತ್ತೆ ಬಿಡುವುದಿಲ್ಲ ಎಂಬ ಭಯ.

ಗುಜರಿಯವನಿಗೆ ಇದೆಲ್ಲ ಲೆಕ್ಕಕ್ಕಿರಲಿಲ್ಲ. ತನ್ನ ಚೀಲದಿಂದ ಪೈಪ್ ರೆಂಚ್ ತೆಗೆದು ಬೋಳು ಶಾಫ್ಟಿಗೆ ಕಚ್ಚಿಸಿ, ಕೋಳಿಯ ತಗ್ಗಿನಲ್ಲಿ ಕೂತು ‘ನಡೀಲಿ’ ಅಂದ. ಲಾರಿ ನರಳುತ್ತ ಹೊರಟಿತು. ಮಾವ ಸ್ಟೇರಿಂಗ್ ಹಿಡಿದು ಅದರ ಮುಂದೆ ಮುಂದೆ ಹಿಮ್ಮುಖವಾಗಿ ನಡೆಯುತ್ತ, ‘ಬಲಕ್ಕ, ಬಲಕ್ಕ, ಇನ್ನೊಂಚೂರು’ ಎಂದು ಗಾಳಿಯಲ್ಲೇ ತಿರುವುತ್ತಿದ್ದ. ಓಣಿ ದಾಟಿದ ಮೇಲೆ ಗುಜರಿಯವನು ಇಳಿದು, ಬೆವರೊರೆಸಿಕೊಂಡು, ಮಾವನ ಕೈಯಲ್ಲಿದ್ದದ್ದನ್ನು ಮೊದಲ ಸಲ ಸರಿಯಾಗಿ ನೋಡಿದ.

‘ಅಲ್ರೀ ಯಜಮಾನ್ರ, ಇದೊಂದ ಬೇಕಾಗಿದ್ರ ಒಂದ ಫೋನ್ ಮಾಡಬೇಕಿಲ್ಲೋ. ಹ್ಯಾಂಗೂ ನಾವು ಗ್ಯಾಸ್ ಕಟರ್‌ಲೆ ತುಂಡ ತುಂಡ ಮಾಡಾವ್ರ. ಶಾಫ್ಟ ಕತ್ತರಿಸಿ ಎರಡ ನಿಮಿಷದಾಗ ಕೈಯಾಗ ಕೊಡ್ತಿದ್ದೆ.’

ಯಾರೂ ಮಾತಾಡಲಿಲ್ಲ. ಅತ್ತೆ ಮಾತ್ರ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು.

‘ನಿಮ್ಮ ನಂಬರ್ ನನಗ ಕೊಡ್ರಿ ತಮ್ಮಾ’ ಅಂದಳು. ‘ಇವರು ಮುಂದಿನ ಸಲ ಏನರ ತಂದ್ರ, ಒಳಗ ಬರೂಕಿಂತ ಮೊದಲ ಫೋನ್ ಮಾಡ್ತೀನಿ.’